ಎಡಗಾಲಿನ ಸ್ಕೀ ಹಲಗೆ

ನಿಮ್ಮ ಎಡಗಾಲಿನ ಹಲಗೆ ದಾರಿ ತಪ್ಪುತ್ತಿದ್ದದ್ದು ಮರದ ದೋಷದಿಂದಲ್ಲ. ಬೈಂಡಿಂಗನ್ನು ನಾನು ತಪ್ಪು ಜಾಗದಲ್ಲಿ ಕೂರಿಸಿದ್ದೆ. ಗೊತ್ತಿದ್ದೂ ಹೇಳಲಿಲ್ಲ — ನೀವು ಇರುವವರೆಗೂ ಹೇಳಲಿಲ್ಲ.

ಪೀಣ್ಯದ ಫೌಂಡ್ರಿಗೆ ಮರದ ಪ್ಯಾಟರ್ನ್, ಅಂದರೆ ಎರಕದ ಅಚ್ಚು ತೆಗೆಯುವ ಮಾದರಿ, ಮಾಡುತ್ತಿದ್ದ ನಿಮಗೆ ಹಿಮದ ಮೇಲೆ ಜಾರುವ ಹುಚ್ಚು ಹೇಗೆ ಹತ್ತಿತೋ! ವೈಟ್‌ಫೀಲ್ಡಿನಲ್ಲಿ ಮನೆ ಖಾಲಿ ಮಾಡುತ್ತಿದ್ದ ವಿದೇಶಿ ಇಂಜಿನಿಯರಿಗೆ ಸಾಮಾನಿನ ಪೆಟ್ಟಿಗೆ ಮಾಡಿಕೊಡಲು ಹೋದವರು, ಅವರ ಹಳೆಯ ಸ್ಕೀ ಬೂಟುಗಳನ್ನೂ, ಬೂಟನ್ನು ಹಲಗೆಗೆ ಕಚ್ಚಿಹಿಡಿಯುವ ಬೈಂಡಿಂಗುಗಳನ್ನೂ ಹೊತ್ತು ತಂದಿರಿ.

"ಹಲಗೆ ಎಲ್ರೀ?" ಅಂದೆ.

"ಮುರ್ದೋಯ್ತಂತೆ. ಎರಡು ಹಲಗೆ ತಾನೆ, ಮಾಡಿದ್ರಾಯ್ತು!"

ಪೈನ್ ಪಟ್ಟಿಗಳನ್ನು ಅಂಟಿಸಿ, ಮೂತಿ ಬಾಗಿಸಿ, ದಾಸರಹಳ್ಳಿಯ ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ಕ್ಲಾಂಪ್ ಬಿಗಿದಿಟ್ಟಿರಿ. ಓನರ್ ಆಂಟಿ ಬಂದು, "ಇದೇನಪ್ಪಾ, ದೋಣಿನಾ?" ಎಂದರೆ, "ಹೂಂ ಆಂಟಿ, ಮಳೆಗಾಲಕ್ಕೆ" ಎಂದಿರಿ.

ಬೈಂಡಿಂಗ್ ಕೂರಿಸುವುದನ್ನು ನನಗೆ ಬಿಟ್ಟಿರಿ. ಮದುವೆಗೆ ಮುಂಚೆ ನಾನು ಫ್ಯಾಕ್ಟರಿಯಲ್ಲಿ ಡ್ರಿಲ್ಲಿಂಗ್ ಮಾಡಿದವಳು. "ಒಂದೇ ಸಲ ತೂತು ಕಣೆ. ಪಕ್ಕದಲ್ಲೇ ಇನ್ನೊಂದು ಕೊರೆದ್ರೆ ಸೀಳ್ಕೊಂಡ್ಬಿಡತ್ತೆ" ಎಂದಷ್ಟೇ ಹೇಳಿ ಹೊರಗೆ ಹೋದಿರಿ.

ಎಡ ಹಲಗೆಯ ಹಿಂತುದಿಯಿಂದ ಅಳೆಯಲು ಕೈಗೆ ಸಿಕ್ಕಿದ್ದು ನಿಮ್ಮ ಪ್ಯಾಟರ್ನ್ ಸ್ಕೇಲು. ಎರಕದ ಲೋಹ ತಣ್ಣಗಾದರೆ ಕುಗ್ಗುತ್ತದೆಂದು ಅದರ ಒಂದೊಂದು ಸೆಂಟಿಮೀಟರನ್ನೂ ತುಸು ಉದ್ದ ಮಾಡಿರುತ್ತಾರೆ. ನಡುವೆ ಒಲೆಯ ಕಡೆ ಎದ್ದುಹೋಗಿ ಬಂದು, ಬಲ ಹಲಗೆಯನ್ನು ಮಾಮೂಲಿ ಸ್ಕೇಲಿನಲ್ಲಿ ಅಳೆದೆ. ಕೊರೆದು ಮುಗಿಸಿ ಅಕ್ಕಪಕ್ಕ ಇಟ್ಟು ನೋಡಿದರೆ — ಎಡಗಡೆಯದು ಒಂದು ಬೆರಳಿನಷ್ಟು ಮುಂದಿತ್ತು.

ಮನಾಲಿಗೆಂದು ಮಾರನೆಯ ದಿನವೇ ರೈಲು ಹತ್ತಬೇಕಿತ್ತು. ನೀವು ಬರುವ ಮೊದಲೇ ಎರಡನ್ನೂ ಹಳೆಯ ಸೀರೆಯಲ್ಲಿ ಸುತ್ತಿ ಬಿಗಿದುಬಿಟ್ಟೆ.

"ಬಿಚ್ಚಿ ನೋಡ್ತೀರಾ?" ಎಂದು ಕೇಳಿದೆ ಕೂಡ — ಹೇಗೆ ಕೇಳಿದೆನೋ...

"ನಿನ್ ಕೆಲ್ಸನಾ? ನೋಡೋದೇನಿದೆ?"

ಮನಾಲಿಯ ಆ ಇಳಿಜಾರು! ನೆಟ್ಟಗೆ ಬರುತ್ತಿದ್ದವರು ಅರ್ಧಕ್ಕೆ ಎಡಕ್ಕೆ ತಿರುಗಿ, ಪ್ರತಿ ಸಲವೂ ಚಹಾದಂಗಡಿಯ ಮೇಲೆಯೇ ನುಗ್ಗುತ್ತಿದ್ದಿರಿ. "ಸೈಡ್ ಬಿಡ್ರಪ್ಪೋ! ಬ್ರೇಕ್ ಇಲ್ಲಾ!" — ಕನ್ನಡದ ಒಂದಕ್ಷರ ಬಾರದವರೂ ಅರ್ಥವಾದವರಂತೆ ಓಡಿದರು. ಮೀಸೆಯ ತುಂಬ ಹಿಮ ಮೆತ್ತಿಕೊಂಡು ಎದ್ದು, "ಲೇ, ಈ ಹಲ್ಗೆಗೆ ಟೀ ಚಟ ಕಣೆ!" ಎಂದಿರಿ. ನಾನು ಹೊಟ್ಟೆ ಹಿಡಿದುಕೊಂಡು ಹಿಮದಲ್ಲೇ ಕೂತುಬಿಟ್ಟೆ. ಅಷ್ಟು ನಕ್ಕದ್ದು ಇನ್ನೆಂದೂ ಇಲ್ಲ. ಆ ನಗುವಿನಲ್ಲೇ ಹೇಳಿಬಿಡಬಹುದಿತ್ತು. ನೀವು ಇನ್ನೂ ಜೋರಾಗಿ ನಗುತ್ತಿದ್ದಿರಿ, ಅಷ್ಟೇ. ಬಾಯಿ ತೆರೆದೆ — ಅಷ್ಟರಲ್ಲಿ ನೀವು ಮತ್ತೆ ಗುಡ್ಡ ಹತ್ತುತ್ತಿದ್ದಿರಿ.

ಊರಿಗೆ ಬಂದಮೇಲೆ ಆ ಹಲಗೆಯನ್ನು ನೀವು ಕೆಲಸ ಮಾಡುವ ಪ್ಯಾಟರ್ನ್ ಶಾಪಿಗೆ ಒಯ್ದು, ತುಂಡು ತುಂಡು ಕೊಯ್ದು, ಒಂದೊಂದು ಅಂಟಿನ ಪದರವನ್ನೂ ಬೆಳಕಿಗೆ ಹಿಡಿದು ನೋಡಿದಿರಿ. ಏನೂ ಸಿಗಲಿಲ್ಲ. "ಎಲ್ಲೋ ನನ್ ಕೈಯೇ ತಪ್ಪಿದೆ" ಎಂದಿರಿ. ನನಗೆಂದು ಶುರುಮಾಡಿದ್ದ ಎರಡನೆಯ ಜೋಡಿಯನ್ನು ಅರ್ಧಕ್ಕೇ ನಿಲ್ಲಿಸಿದಿರಿ. ನೀವು ಸ್ಕೇಲು ಇಡದೆ ಬಿಟ್ಟದ್ದು ಒಂದೇ ಕಡೆ — ನಾನು ಕೊರೆದ ತೂತುಗಳ ಮೇಲೆ.

ನಿಮ್ಮ ಹದಿಮೂರನೆಯ ದಿನದ ಊಟಕ್ಕೆ ಶಾಪಿನವರೆಲ್ಲ ಬಂದಿದ್ದರು. ನಿಮ್ಮ ಕೈಕೆಳಗೆ ಕೆಲಸ ಕಲಿತ ನಂಜುಂಡ, "ಅತ್ಗೆ, ಅಣ್ಣ ಜೀವ್ಮಾನದಲ್ಲಿ ಕೆಡ್ಸಿದ್ದು ಒಂದೇ ಪೀಸು. ಅದೂ ಟೀ ಕುಡಿಯೋ ಹಲ್ಗೆ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು ಸುಮ್ಮನಾದೆ — ನೀವು ಎದ್ದು ಬಂದು ಅಲ್ಲವೆನ್ನಲಾರದ ಹೊತ್ತಿನಲ್ಲೂ.

ನಾಳೆ ಶಾಪಿಗೆ ಹೋಗುತ್ತೇನೆ. ಎಲ್ಲರೂ ಊಟಕ್ಕೆ ಕೂತಿರುವಾಗ ಹೇಳುತ್ತೇನೆ. ಆ ಕಥೆ ಹೇಳಿಕೊಂಡು ಅವರು ನಗುತ್ತಲೇ ಇರಲಿ — ಕೆಡಿಸಿದವಳು ನಾನೆಂದು ಸೇರಿಸಿಕೊಂಡು ನಗಲಿ. ನಿಮ್ಮ ಕೈಯಲ್ಲಿ ಕೆಟ್ಟ ಪೀಸು ಒಂದೂ ಇಲ್ಲ.