ಕಳಕಮ್ಮ ಅಗಿದ ಚಕ್ಕೆ

ಬಡಿಗೇರ ಮುದುಕಪ್ಪ ದೋಣಿಯ ಕಟ್ಟಿಗೆಯನ್ನು ಆರಿಸುತ್ತಿದ್ದುದು ಕಣ್ಣಿನಿಂದಲ್ಲ, ನಾಲಿಗೆಯಿಂದ. ಗಂಗಾವತಿ ಸೀಮೆಯ ಹೊಳೆದಂಡೆಯಲ್ಲಿ ದೋಣಿ ಬೇಕಾದವರೆಲ್ಲ ಅವನ ಮನೆಗೇ ಬರುತ್ತಿದ್ದರು. ದಿಮ್ಮಿಯಿಂದ ಒಂದು ಚಕ್ಕೆ ಎಬ್ಬಿಸಿ ಅಗಿಯುತ್ತಿದ್ದ. ಒಗರು ಗಂಟಲತನಕ ಹಿಡಿದರೆ ಅದು ಇಪ್ಪತ್ತು ವರ್ಷ ನೀರಿನಲ್ಲಿ ಕೊಳೆಯದು, ಸಪ್ಪಗಿದ್ದರೆ ಒಲೆಗೆ. ಮತ್ತಿ, ಹೊನ್ನೆ ಎಂದು ಮರದ ಹೆಸರು ಕೇಳಿ ನಂಬುವ ಆಸಾಮಿಯಲ್ಲ.

೧೯೪೨ರ ಬೇಸಿಗೆಯಲ್ಲಿ ಅವನಿಗೆ ವಿಷಮಜ್ವರ ಬಂದು, ಹೋಗುವಾಗ ನಾಲಿಗೆಯ ರುಚಿಯನ್ನೂ ಹೊತ್ತುಕೊಂಡು ಹೋಯಿತು. ಉಪ್ಪು ಮರೆತ ಸಾರನ್ನು ಅವನು ಎರಡೆರಡು ಸಲ ಹಾಕಿಸಿಕೊಂಡು ಉಂಡಾಗ ಹೆಂಡತಿ ಕಳಕಮ್ಮನಿಗೆ ಗೊತ್ತಾಯಿತು. ಇಬ್ಬರೂ ಊರಿಗೆ ಹೇಳಲಿಲ್ಲ. ನಾಲಿಗೆ ಸತ್ತ ಬಡಿಗನಿಗೆ ಯಾರು ಕೆಲಸ ಕೊಟ್ಟಾರು?

ಅಷ್ಟರಲ್ಲಿ ಜನರನ್ನು ಹೊಳೆ ದಾಟಿಸುವ ದಾದೇಸಾಬ ಹೊಸ ದೋಣಿ ಕೇಳಿದ. ಮುದುಕಪ್ಪ ಕಟ್ಟಿಗೆ ಅಡ್ಡೆಯಿಂದ ದಿಮ್ಮಿ ತಂದು, ಚಕ್ಕೆಗಳನ್ನು ಗುಟ್ಟಾಗಿ ಹೆಂಡತಿಯ ಕೈಗಿಟ್ಟ. ಅವಳು ಅಗಿದು, "ಎಲ್ಲಾ ಒಗರ ಅದಾವ್ರಿ" ಎಂದಳು. ದೋಣಿ ಆಯಿತು.

ಮೂರನೆಯ ಮಳೆಗಾಲಕ್ಕೆ ತಳದಲ್ಲಿ ನೀರು ಜಿನುಗಿತು. ಮುದುಕಪ್ಪ ಹಲಗೆಗೆ ಉಳಿ ಊರಿದ. ಅದು ಮಾಗಿದ ಸೌತೆಕಾಯಿಗೆ ಇಳಿದಂತೆ ಇಳಿಯಿತು. ಯಾರೂ ನೋಡದಂತೆ ತೂತಿಗೆ ಡಾಂಬರು ಮೆತ್ತಿ ಮನೆಗೆ ಓಡಿದ.

"ಅವತ್ತ ಅಗಿಯುವಾಗ ಬಾಯಾಗ ಎಲಿ ಅಡಿಕಿ ಇತ್ತೇನ?"

"ಯಾವತ್ತ ಇರಂಗಿಲ್ಲ ಹೇಳ್ರಿ?"

ಅಡಿಕೆಯ ಒಗರು! ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಆ ಉಬ್ಬಿದ ಕೆನ್ನೆ ಕಾಣದೇ ಹೋಗಿತ್ತು.

ದಾದೇಸಾಬನಿಗೆ ಹೇಳಲೋ ಬೇಡವೋ ಎಂದು ಎರಡು ದಿನ ಒದ್ದಾಡಿದ. ಮೂರನೆಯ ದಿನ, ಹೊಳೆ ತುಂಬಿ ಹರಿಯುವಾಗ, ಆಚೆ ದಂಡೆಯಲ್ಲಿದ್ದ ಮಗಳಿಗೆ ಹೆರಿಗೆ ನೋವು ಎಂದು ಸುದ್ದಿ ಬಂತು. ಕಳಕಮ್ಮ ದಾದೇಸಾಬನ ದೋಣಿ ಹತ್ತಿದಳು. ಮುದುಕಪ್ಪ ಹಿಂದೆಯೇ ಓಡಿ ಬಂದ.

"ಇಳಿ ಕೆಳಗ, ಹೋಗಬ್ಯಾಡ."

"ಮಗಳು ಒಬ್ಬಾಕಿನ ಒದ್ದಾಡಾಕತ್ತಾಳ. ಬ್ಯಾರೆ ದೋಣಿ ಎಲ್ಲೈತ್ರಿ?"

ಮುದುಕಪ್ಪ ದೋಣಿಯಲ್ಲಿದ್ದ ಎಲ್ಲರೆದುರೇ ನಿಜ ಹೇಳಿಬಿಟ್ಟ: ನಾಲಿಗೆ ಸತ್ತದ್ದು, ಹಲಗೆ ಕೊಳೆತದ್ದು, ಎಲ್ಲವನ್ನೂ. ದಾದೇಸಾಬ ಬಗ್ಗಿ ತಳ ನೋಡಿದ. ಡಾಂಬರು ನುಣ್ಣಗೆ ಹೊಳೆಯುತ್ತಿತ್ತು.

"ಹೆಂಡ್ತಿನ್ನ ಬಿಟ್ಟಿರಾಕ ಆಗವಲ್ದು, ಅದಕ್ಕ ಈ ಕತಿ! ನಿಮ್ಮ ನಾಲಿಗಿ ಎಂದರ ಸುಳ್ಳ ಹೇಳೈತೇನ್ರಿ, ಬಡಿಗೇರಪ್ಪ?"

ಕುಳಿತ ಜನ ಗೊಳ್ಳೆಂದು ನಕ್ಕಿತು. ಕಳಕಮ್ಮ ನಗಲಿಲ್ಲ. ಬಾಯಲ್ಲಿದ್ದ ಅಡಿಕೆಯನ್ನು ಹೊಳೆಗೆ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡಳು.

ದಾದೇಸಾಬ ಹುಟ್ಟು ಹಾಕಿದ. ಮುದುಕಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ದೋಣಿಯಲ್ಲಿದ್ದ ತಲೆಗಳನ್ನು ಎಣಿಸಿದ. ಹನ್ನೊಂದು. ಮತ್ತೆ ಮೊದಲಿನಿಂದ ಎಣಿಸಿದ. ಅವನಿಂದ ಆಗುವುದು ಅಷ್ಟೇ ಉಳಿದಿತ್ತು.