ಖಾಲಿ ಬೀಸುಕಲ್ಲಿನ ಸದ್ದು

ಇವತ್ತು ಬೆಳಗ್ಗೆ ರಾಗಿಹಿಟ್ಟಿನ ಡಬ್ಬಕ್ಕೆ ಚಮಚ ಹಾಕಿದರೆ ತಳ ಕರಕರ ಎಂದಿತು. ಹಿಟ್ಟು ತೀರಿದ ಸದ್ದು, ನಿಮಗೂ ಗೊತ್ತಿರುತ್ತದೆ. ಹೊರಗೆ ಮಳೆ. ಭಾನುವಾರ ಬೇರೆ, ಬೀದಿ ಕೊನೆಯ ಅಂಗಡಿ ಬಾಗಿಲು ಹಾಕಿತ್ತು. ಸೊಂಟ ನೋವಿಲ್ಲದೆ ಎಬ್ಬಿಸಿದ್ದಕ್ಕೆ, ಹಾಲು ಒಡೆಯದೆ ಕಾಯ್ದದ್ದಕ್ಕೆ ಆಗಷ್ಟೇ ದೇವರಿಗೆ ಸ್ತೋತ್ರ ಹೇಳಿ ಎದ್ದಿದ್ದೆ. ಹಿಟ್ಟಿನ ವಿಷಯ ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಡಬ್ಬದ ತಳ ಹೀಗೆ ಕೆರೆದಾಗಲೆಲ್ಲ ನನಗೆ ಗುಂಡ್ಲುಪೇಟೆಯ ರಾಹೇಲತ್ತೆ ನೆನಪಾಗುತ್ತಾಳೆ. ನಮ್ಮಪ್ಪನ ಅಕ್ಕ. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಐವತ್ತರ ದಶಕದ ಮಾತು. ಅಮ್ಮನ ಬಾಣಂತನ ಬಂದಾಗೆಲ್ಲ ಚಾಮರಾಜನಗರದಿಂದ ನನ್ನನ್ನು ಅಲ್ಲಿಗೆ ಬಸ್ಸು ಹತ್ತಿಸುತ್ತಿದ್ದರು. ಅಮ್ಮ ಆ ವಿಷಯದಲ್ಲಿ ಕೈ ಬಿಗಿ ಹಿಡಿದವಳಲ್ಲವಾದ್ದರಿಂದ ನಾನು ಗುಂಡ್ಲುಪೇಟೆಯಲ್ಲೇ ಹೆಚ್ಚು ಬೆಳೆದೆ.

ಅತ್ತೆ ವೇದಪುಸ್ತಕ ಓದುತ್ತಿದ್ದುದು ನೆಂಟರ ಮನೆಯ ಸುದ್ದಿ ಕೇಳುವವಳ ಹಾಗೆ. ಅವಳಿಗೆ ಬಲು ಇಷ್ಟವಾದದ್ದು ಚಾರೆಪ್ತಾ ಊರಿನ ವಿಧವೆ. ಮಡಕೆಯಲ್ಲಿ ಉಳಿದದ್ದು ಒಂದೇ ಹಿಡಿ ಹಿಟ್ಟು. ಅದರಲ್ಲೇ ರೊಟ್ಟಿ ಸುಟ್ಟು, ಮಗನೂ ತಾನೂ ತಿಂದು ಸಾಯೋಣವೆಂದು ಸೌದೆ ಆಯುತ್ತಿದ್ದಾಳೆ. ಅಷ್ಟರಲ್ಲಿ ಪ್ರವಾದಿ ಎಲೀಯ ಬಂದು ಮೊದಲು ನನಗೊಂದು ರೊಟ್ಟಿ ಮಾಡಿಕೊಡು ಅನ್ನುತ್ತಾನೆ. ಅವಳು ಮಾಡಿಕೊಡುತ್ತಾಳೆ. ಆಮೇಲೆ ಮಡಕೆ ತೀರುವುದೇ ಇಲ್ಲ.

"ನಾಚ್ಕೆ ಬ್ಯಾಡ್ವಾ ಕಣಮ್ಮಿ ಅವ್ನಿಗೆ? ಮೊದ್ಲು ನಂಗೆ ಅಂದ್ನಂತೆ. ಪ್ರವಾದಿಯಾದ್ರೂ ಗಂಡ್ಸು ಗಂಡ್ಸೇ," ಎನ್ನುತ್ತಿದ್ದಳು ಅತ್ತೆ. ಹಾಗೆಂದು ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ಮಡಚಿಡುವಳು.

ನಮ್ಮ ಮನೆಗೂ ಒಬ್ಬ ಎಲೀಯ ಬರುತ್ತಿದ್ದ. ಅಲ್ಲೇ ಕಾಡಂಚಿನ ಮದ್ದೂರಿನ ಕಡೆ ಸಭೆ ನಡೆಸಲು ಹೋಗುವ ಉಪದೇಶಿ. ಮುದ್ದೆ ತೊಳಸುವ ಹೊತ್ತಿಗೆ ಸರಿಯಾಗಿ ಅವನ ಕೊಡೆ ನಮ್ಮ ಜಗಲಿಯಲ್ಲಿ ಮಡಚಿಕೊಳ್ಳುತ್ತಿತ್ತು.

ಆ ವರ್ಷ ಮಳೆ ಹಿಡಿದದ್ದು ಬಿಡಲಿಲ್ಲ. ಮನೆಯೊಳಗಿನ ರಾಗಿ ತೀರುತ್ತ ಬಂತು. ಹಿತ್ತಿಲಿನ ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಗುಳಿಯಲ್ಲಿ, ವರ್ಷಕ್ಕಾಗುವಷ್ಟು ರಾಗಿಯೇನೋ ಇತ್ತು. ಆದರೆ ಮಳೆಯಲ್ಲಿ ಅದರ ಬಾಯಿ ತೆಗೆದರೆ ನೀರಿಳಿದು ಅಷ್ಟೂ ಮುಗ್ಗಿಹೋಗುತ್ತದೆ. ಸಾಲಕ್ಕೆ ಕೇಳೋಣವೆಂದರೆ ಗೋಡೆಯಾಚೆ ಪುಟ್ಟಮ್ಮಣ್ಣಿ ಇದ್ದಳು. ಭೀಮನಬೀಡಿನಿಂದ ಬಂದ ಸೊಸೆ, ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ. ನಮ್ಮ ಒಲೆಯಲ್ಲಿ ಬೆಂದದ್ದನ್ನು ಅವಳು ಮುಟ್ಟುತ್ತಿರಲಿಲ್ಲ. ಹಸಿ ಹಿಟ್ಟು, ಕಾಳು, ಸೊಪ್ಪು ಮಾತ್ರ ಯಾವ ಮಡಿಗೂ ಅಂಜದೆ ಗೋಡೆ ದಾಟುತ್ತಿದ್ದವು. ಅತ್ತೆಯ ಕೋಳಿ ಅವಳು ಒಣಹಾಕಿದ ಸಂಡಿಗೆಯ ಮೇಲೆಲ್ಲ ಓಡಾಡಿದ ಮೇಲೆ ಅದೂ ನಿಂತಿತ್ತು, ಮಾತೂ ನಿಂತಿತ್ತು.

"ದೇವ್ರನ್ನ ಬೇಕಾದ್ರೆ ಕೇಳ್ತೀನಿ, ಅವ್ಳನ್ನ ಕೇಳಕಿಲ್ಲ," ಎಂದಳು ಅತ್ತೆ.

ಕಡೆಯ ಹಿಟ್ಟು ಕುದಿಯುವಾಗ ಕೊಡೆ ಮಡಚಿದ ಸದ್ದಾಯಿತು. ಅತ್ತೆ ಮೇಲೆ ನೋಡಿ, "ಕಳ್ಸುಬುಟ್ಯಾ?" ಎಂದಳು, ಉಪದೇಶಿಗಲ್ಲ. ಇದ್ದ ಒಂದು ಮುದ್ದೆಯನ್ನು ಅವನ ತಟ್ಟೆಗಿಟ್ಟಳು. ಅವನು ಉದ್ದುದ್ದ ಪ್ರಾರ್ಥನೆ ಮಾಡಿ, ಸೊಗಸಾಗಿ ಉಂಡು ಹೋದ. ನಾವಿಬ್ಬರೂ ಬರೀ ಉಪ್ಸಾರು ಕುಡಿದೆವು. "ನಿನ್ನ ಆಳಿಗೆ ಇಕ್ಕಿವ್ನಿ. ಇನ್ನು ನಿನ್ನ ಮಾತು ನೀನು ನೋಡ್ಕೊ," ಎಂದು ದೇವರಿಗೆ ಹೇಳಿ ಮಲಗಿದಳು.

ಬೆಳಗಾಗುವಾಗ ಬೀಸುಕಲ್ಲಿನ ಸದ್ದು ಕೇಳಿ ಎಚ್ಚರವಾಯಿತು. ಮಡಕೆ ತುಂಬಿರಬೇಕೆಂದು ಓಡಿದೆ. ಅತ್ತೆ ಗೂಟ ಹಿಡಿದು ಕಲ್ಲು ತಿರುಗಿಸುತ್ತಿದ್ದಳು. ಕಲ್ಲಿನ ಬಾಯಲ್ಲಿ ಒಂದು ಕಾಳೂ ಇರಲಿಲ್ಲ.

"ಸುಮ್ಕಿರು. ನಮ್ಮನೆ ಕಲ್ಲು ನಿಂತೋಯ್ತು ಅಂತ ಅವ್ಳಿಗೆ ಗೊತ್ತಾಗ್ಬಾರ್ದು."

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ವಿಭೂತಿ ಹಣೆ ಮೂಡಿತು. "ರಾಹೇಲಮ್ಮ, ಕಾಳಾಕ್ದೆ ಬೀಸ್ತಿದ್ದೀಯಲ್ಲ, ಕಲ್ಲು ಸವೆದೋಯ್ತದೆ. ರಾಗಿ ಸದ್ದು ಯಾವ್ದು, ಬರೀ ಕಲ್ಲಿನ ಸದ್ದು ಯಾವ್ದು ಅಂತ ನಂಗೆ ತಿಳಿಯಾಕಿಲ್ವಾ? ಇಡ್ಕೊ." ಒಂದು ಗಡಿಗೆ ತುಂಬ ಹಿಟ್ಟು ಇಳಿದು ಬಂತು.

ಅತ್ತೆ ಗಡಿಗೆಯನ್ನು ಸೊಂಟಕ್ಕೇರಿಸಿಕೊಂಡಳು. ಆಮೇಲೆ, "ಎಲೀಯಂಗೆ ಕಾಗೆ ಊಟ ತಂದ್ಕೊಡ್ತಿತ್ತಂತೆ ಕಣಕ್ಕ," ಎಂದಳು.

"ನನ್ನ ಕಾಗೆ ಅಂದ್ಯಾ?"

"ದೇವ್ರು ಕಳ್ಸಿದ ಕಾಗೆ ಕಣಕ್ಕ."

"ನಿಮ್ಮ ದೇವ್ರು ಯಾಕ್ ಕಳ್ಸಾನು, ನಮ್ಮ ಮಾದಪ್ಪ ಕಳ್ಸಿದ್ದು. ಮೊದ್ಲು ಆ ಕೋಳಿನ ಮಂಕರಿ ಕೆಳ್ಗೆ ಮುಚ್ಚಾಕು."

ಆವತ್ತು ಮುದ್ದೆ ಕಟ್ಟುತ್ತ ಅತ್ತೆ ಅಂದದ್ದು: "ಮಡ್ಕೆ ತೀರ್ಲಿಲ್ಲ ಅಂತ ಬರ್ದವ್ರೆ. ಬರ್ದೋರು ಗಂಡಸ್ರು ನೋಡು, ಪಕ್ಕದ್ಮನೆಯವ್ಳನ್ನ ಬುಟ್ಬುಟ್ಟವ್ರೆ." ಗಡಿಗೆಯನ್ನು ಖಾಲಿ ಕಳಿಸಬಾರದೆಂದು ನುಗ್ಗೆಸೊಪ್ಪು ತುಂಬಿ ಗೋಡೆ ದಾಟಿಸಿದಳು. ಮಳೆ ನಿಂತು ಹಗೇವು ತೆಗೆದಾಗ ಮೊದಲ ಮೊರ ರಾಗಿಯೂ ಅತ್ತಲೇ ಹೋಯಿತು.

ಆ ವಿಧವೆಯ ಮೇಲೆ ಆಮೇಲೆ ಪಾದ್ರಿಗಳ ಎಷ್ಟೋ ಪ್ರಸಂಗ ಕೇಳಿದ್ದೇನೆ, ಕೆಲವಕ್ಕೆ ತೂಕಡಿಸಿಯೂ ಇದ್ದೇನೆ. ಕಡೆಯ ಹಿಡಿ ಕೊಟ್ಟದ್ದೇ ಅವಳ ನಂಬಿಕೆ ಅನ್ನುತ್ತಾರೆ. ಅಷ್ಟನ್ನು ಅತ್ತೆಯೂ ಮಾಡಿದಳಲ್ಲ, ಗೊಣಗಿಕೊಂಡೇ ಆದರೂ. ಅತ್ತೆಗೆ ಆಗದೆ ಹೋದದ್ದು ಬೇರೆ. ಆ ವಿಧವೆ ಗುರುತಿಲ್ಲದ ಗಂಡಸಿನ ಮುಂದೆ, ನನ್ನ ಮಡಕೆಯಲ್ಲಿ ಒಂದೇ ಹಿಡಿ ಇದೆ ಎಂದು ಬಾಯಿಬಿಟ್ಟು ಹೇಳಿದಳು. ಕಲ್ಲು ತಿರುಗಿಸಲಿಲ್ಲ.

ನಮ್ಮ ಪಕ್ಕದ ಮನೆಯಲ್ಲಿ ಶೈಲಜಾ ಎಂಬ ಹುಡುಗಿ ಇದ್ದಾಳೆ. ಅವರ ಬಟ್ಟೆ ಒಗೆದ ನೀರು ನಮ್ಮ ಮೆಟ್ಟಿಲಿಗೆ ಹರಿದಂದಿನಿಂದ ನಾವಿಬ್ಬರೂ ಮುಖ ತಿರುಗಿಸಿಕೊಂಡೇ ಓಡಾಡುತ್ತಿದ್ದೆವು. ಡಬ್ಬ ಮುಚ್ಚಿ, ಬಟ್ಟಲು ಹಿಡಿದು, ಮಳೆಯಲ್ಲೇ ಹೋಗಿ ಬಾಗಿಲು ತಟ್ಟಿದೆ. ಮೆಟ್ಟಿಲು ಇಳಿದು ಹೋದದ್ದಕ್ಕಿಂತ ತಟ್ಟಿದ್ದೇ ಹೆಚ್ಚು ಆಯಾಸ.

"ರಾಗಿಹಿಟ್ಟು ತೀರಿಹೋಯ್ತಮ್ಮ," ಎಂದೆ.

ಅವಳು ನನ್ನನ್ನೂ ಬಟ್ಟಲನ್ನೂ ನೋಡಿದಳು. "ಇಷ್ಟು ಚಿಕ್ಕ ಬಟ್ಟಲಾ ಆಂಟಿ?" ಎಂದು ಒಳಗೆ ಹೋಗಿ ತನ್ನದೇ ಪಾತ್ರೆಯಲ್ಲಿ ತುಂಬಿ ತಂದಳು.

ಮನೆಗೆ ಬಂದು ಸ್ತೋತ್ರಕ್ಕೆ ಇದನ್ನೂ ಸೇರಿಸಿದೆ. ಅವನಿಗೆ ಗೊತ್ತಿರುವುದೇ ಆದರೂ, ಪಕ್ಕದ ಮನೆಯ ಶೈಲಜಾ ಎಂದು ಹೆಸರು ಹಿಡಿದೇ ಹೇಳಿದೆ.