ಸೋರದ ವಾಲ್ವ್

ಖಾದರ್ ಬಾಷಾ ಮಾತಿನ ಮನುಷ್ಯರಲ್ಲ ಎಂದು ಯಲಹಂಕದ ಆ ಕಾರ್ಖಾನೆಯಲ್ಲಿ ಎಲ್ಲರೂ ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ಅಲ್ಲಿ ತಯಾರಾಗಿ ಡೇರಿಗಳಿಗೆ ಹೋಗುವ ಹಾಲು ಕಾಯಿಸುವ ಯಂತ್ರಗಳಿಗೆ ಬಿಡಿಭಾಗ ಕೊಳ್ಳುವ ಕೆಲಸ ಅವರದು. ವಾಲ್ವ್ ಕಂಪನಿಯ ಭೀಮರಾಜ್ ಬಂದನೆಂದರೆ ಸಾಕು, ಇಬ್ಬರೂ ಟೀ ಹಿಡಿದು ಕೂತು ಊರ ಉಸಾಬರಿಯನ್ನೆಲ್ಲ ಮಾತಾಡುತ್ತಿದ್ದರು. ಹೆಂಡತಿ ಮೆಹಬೂಬ್ ಬೀ ತೀರಿಕೊಂಡ ಮೇಲೆ ಅಮೃತಹಳ್ಳಿಯ ಬಾಡಿಗೆ ಮನೆಯಲ್ಲಿ ಬಾಷಾ ಒಬ್ಬರೇ. ಭೀಮರಾಜ್ ಮಾತ್ರ ವಾರವಾರವೂ ಕಾರ್ಖಾನೆಗೆ ಬರುತ್ತಿದ್ದ. ಬಾರದೆ ಏನು ಮಾಡಿಯಾನು? ಅವನ ವಾಲ್ವ್ ಎಲ್ಲಾದರೊಂದು ಕಡೆ ಸೋರುತ್ತಲೇ ಇರುತ್ತಿತ್ತು.

ಒಂದು ದಿನ ಹೆಸರಘಟ್ಟದ ಡೇರಿಯಲ್ಲಿ ಅದೇ ವಾಲ್ವಿನಿಂದ ಹಬೆ ನುಗ್ಗಿ ಸರಳಾ ಎಂಬ ಕೆಲಸಗಾರ್ತಿಯ ಕೈ ಸುಟ್ಟಿತು. ಬೇರೆ ಕಂಪನಿ ಹುಡುಕಿ ಎಂದರು ಮಾಲೀಕರು. ಬಾಷಾ ಇನ್ನೆರಡು ಕಂಪನಿಗಳ ಸ್ಯಾಂಪಲ್ ತರಿಸಿ, ಭೀಮರಾಜನ ಹೊಸ ವಾಲ್ವನ್ನೂ ಜೊತೆಗಿಟ್ಟು, ಒಂದೊಂದಕ್ಕೂ ಗಾಳಿ ಕೊಟ್ಟು ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರು. ಉಳಿದವು ಸುಮ್ಮನಿದ್ದವು. ಭೀಮರಾಜನದು ಹಿಡಿಯ ಬುಡದಲ್ಲಿ ಗುಳ್ಳೆ ಬಿಟ್ಟಿತು.

ಬಾಷಾ ಸ್ಪ್ಯಾನರ್ ಹಾಕಿ ಅಲ್ಲಿನ ನಟ್ಟನ್ನು ಬಿಗಿ ಮಾಡಿದರು. ಗುಳ್ಳೆ ನಿಂತಿತು. ಹೀಗೇ ಪಾಸು ಮಾಡಿದರೆ ಕೇಳುವವರಿಲ್ಲ. ಆದರೆ ಹಬೆಯ ಬಿಸಿ ತಾಗಿದರೆ ಮತ್ತೆ ಸೋರುತ್ತದೆಂದು ಅವರಿಗೆ ಗೊತ್ತು. ಪಾಸು ಮಾಡದಿದ್ದರೆ ಭೀಮರಾಜ್ ಬರುವುದು ನಿಲ್ಲುತ್ತದೆಂದೂ ಗೊತ್ತು. ಅತ್ತ ದರಿ, ಇತ್ತ ಪುಲಿ. ಸರಳಾಳ ಕೈ ನೆನಪಾಗಿ ನಟ್ಟನ್ನು ಮೊದಲಿನಂತೆ ಸಡಿಲಿಸಿ, ಬೇರೆ ಕಂಪನಿಗೆ ಆರ್ಡರ್ ಕೊಟ್ಟರು.

ಸ್ಯಾಂಪಲ್ ವಾಪಸ್ ಒಯ್ಯಲು ಬಂದ ಭೀಮರಾಜ್ ಕೂರಲಿಲ್ಲ.

"ಟೀ ಕುಡ್ಕೊಂಡ್ ಹೋಗಿ ಭೀಮಣ್ಣ."

"ಬೇಡ ಭಾಯ್. ನೀವ್ ಮಾಡಿದ್ದು ಸರಿನೇ. ಯಶವಂತಪುರದಲ್ಲಿ ಪಾರ್ಟಿ ಕಾಯ್ತಿದ್ದಾರೆ, ಹೋಗ್ಬೇಕು."

ಅವನಿಗೆಂದು ತರಿಸಿದ್ದ ಟೀಯನ್ನೂ ಬಾಷಾ ತಾವೇ ಕುಡಿದರು. ಅವನು ಬೈದಿದ್ದರೆ ವಾಸಿಯಿತ್ತು, ಸರಿ ಎಂದುಬಿಟ್ಟಿದ್ದ.

ಹೊಸ ವಾಲ್ವ್‌ಗಳು ಕೊರಿಯರಿನಲ್ಲಿ ಬಂದವು. ತಿಂಗಳುಗಳು ಕಳೆದರೂ ಒಂದು ದೂರಿಲ್ಲ. ಮಾಲೀಕರು ಬೆನ್ನು ತಟ್ಟಿದರು. ಒಂದು ಮಧ್ಯಾಹ್ನ ಬಾಷಾ ತಾವಾಗಿಯೇ ಆ ಕಂಪನಿಗೆ ಫೋನ್ ಮಾಡಿದರು. ಎತ್ತಿದವಳು ಸಬಾ ಎಂಬ ಹುಡುಗಿ.

"ಕಂಪ್ಲೇಂಟ್ ಏನಾದ್ರೂ ಇತ್ತಾ ಸರ್?"

"ಇಲ್ಲಮ್ಮ. ನಿಮ್ ಕಡೆಯವ್ರು ಯಾರಾದ್ರೂ ಈ ಕಡೆ ಬರ್ತಾರಾ ಅಂತ ಕೇಳ್ದೆ."

"ಅವಶ್ಯಕತೆನೇ ಇರಲ್ಲ ಸರ್. ನಮ್ ವಾಲ್ವ್ ಹಾಕಿದ್ ಕಡೆ ನಾವ್ ಮತ್ತೆ ಹೋಗೋದೇ ಇಲ್ಲ."

"ಒಳ್ಳೇದಾಯ್ತು," ಎಂದರು ಬಾಷಾ. ಊಟ ಆಯ್ತೇನಮ್ಮ ಎಂದು ಕೇಳುವಷ್ಟರಲ್ಲಿ ಅವಳು ಫೋನ್ ಇಟ್ಟಿದ್ದಳು.